ಸೊಸೆ ಅತ್ತೆಯಾದಾಗ

‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ಗಾದೆಯನ್ನು ನಮ್ಮ ಹಿರಿಯರು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಕಟ್ಟಿರಬೇಕು. ಆದರೆ ಗಾದೆ ಹುಟ್ಟಿದ ಮನೆಯಲ್ಲಿಯೇ ನಿಲ್ಲುವುದಿಲ್ಲ. ಅದು ಕಚೇರಿಗೂ ಹೋಗುತ್ತದೆ, ಶಾಲೆಗೂ ಹೋಗುತ್ತದೆ, ಸಹಕಾರಿ ಸಂಘದ ಸಭೆಗೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುತ್ತದೆ. ಈ ವಾರ ಅದನ್ನು ಆಟದ ಬಯಲಿಗೆ ಕರೆದೊಯ್ಯೋಣ. ಹಾಕಿ ತಂಡವೊಂದರಲ್ಲಿ ಸಹಾಯಕ ತರಬೇತುದಾರನಾಗಿದ್ದವನನ್ನು ಒಂದು ದಿನ ಕರೆದು, ‘ನಾಳೆಯಿಂದ ನೀವೇ ಮುಖ್ಯ ತರಬೇತುದಾರರು’ ಎಂದರೆ ಏನಾಗುತ್ತದೆ? ಸಂಬಳ ಹೆಚ್ಚುತ್ತದೆ, ಪತ್ರಿಕೆಗಳಲ್ಲಿ ಭಾವಚಿತ್ರ ಬರುತ್ತದೆ, ಬಂಧುಬಳಗದವರು ಹಾರ ಹಾಕುತ್ತಾರೆ. ಇದೆಲ್ಲವೂ ಎಲ್ಲರ ಕಣ್ಣಿಗೆ ಬೀಳುವ ಸಂಗತಿ. ಕಣ್ಣಿಗೆ ಬೀಳದ ಸಂಗತಿಯನ್ನು ವಿಚಾರಿಸುವುದೇ ಇಂದಿನ ಲೇಖನದ ಉದ್ದೇಶ.

ಬೈಲಹೊಂಗಲದ ಪೇಟೆಯಲ್ಲಿಯೋ, ಸವದತ್ತಿಯ ಗುಡ್ಡದ ಬುಡದಲ್ಲಿಯೋ, ರಾಮದುರ್ಗದ ಮಲಪ್ರಭೆಯ ದಂಡೆಯಲ್ಲಿಯೋ ಕುಳಿತು ಇದನ್ನು ಓದುವ ವಾಚಕರು, ‘ಹಾಕಿ ತಂಡದ ತರಬೇತುದಾರ ಯಾರಾದರೆ ನಮಗೇನು?’ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಎರಡನೆಯ ಸ್ಥಾನದಲ್ಲಿ ಕುಳಿತು ವರ್ಷಗಟ್ಟಲೆ ಭಾರ ಹೊತ್ತವರು ನಮ್ಮಲ್ಲಿ ಇಲ್ಲದ ಊರು ಯಾವುದು? ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಪಕ್ಕದ ಹಿರಿಯ ಸಹಶಿಕ್ಷಕರಿದ್ದಾರೆ. ಅಂಗಡಿಯಲ್ಲಿ ಸಾಹುಕಾರರ ಲೆಕ್ಕವನ್ನೆಲ್ಲ ನಾಲಗೆಯ ತುದಿಯಲ್ಲಿಟ್ಟುಕೊಂಡ ಗುಮಾಸ್ತರಿದ್ದಾರೆ. ಗರಡಿಮನೆಯಲ್ಲಿ ವಸ್ತಾದರಿಗೆ ಮೈಯಲ್ಲಿ ಸ್ವಸ್ಥವಿಲ್ಲದ ದಿನ ಹುಡುಗರಿಗೆ ಪಟ್ಟು ಹೇಳಿಕೊಡುವ ಹಿರಿಯ ಪೈಲವಾನರಿದ್ದಾರೆ. ಇವರಲ್ಲಿ ಒಬ್ಬರನ್ನು ಮೊದಲನೆಯ ಸ್ಥಾನಕ್ಕೆ ಏರಿಸುವ ಪ್ರಸಂಗ ಬಂದಾಗ ನಾವು ಮಾಡುವ ತಪ್ಪುಗಳೂ ಒಪ್ಪುಗಳೂ ಆಟದ ಬಯಲಿನಲ್ಲಿ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತವೆ. ಏಕೆಂದರೆ ಅಲ್ಲಿ ಫಲಿತಾಂಶಕ್ಕೆ ಹತ್ತು ವರ್ಷ ಕಾಯಬೇಕಾಗಿಲ್ಲ. ಹದಿನೈದು ಹದಿನೈದು ನಿಮಿಷಗಳ ನಾಲ್ಕು ಅವಧಿಗಳು ಮುಗಿಯುವುದರೊಳಗೆ ಅದು ಫಲಕದ ಮೇಲೆ ಬರೆದಿರುತ್ತದೆ.

ಮೊದಲು ಸಹಾಯಕನ ಕೆಲಸವೇನೆಂಬುದನ್ನು ನೋಡೋಣ. ಹಿಂದಿನ ಪಂದ್ಯದ ಚಿತ್ರಗಳನ್ನು ಮತ್ತೆ ಮತ್ತೆ ನೋಡಿ ಎದುರಾಳಿಯ ದುರ್ಬಲ ಮೂಲೆಯನ್ನು ಹುಡುಕುವುದು. ಪೆನಾಲ್ಟಿ ಕಾರ್ನರ್ ಹೊಡೆಯುವವರನ್ನು ಬೇರೆಯಾಗಿ ನಿಲ್ಲಿಸಿಕೊಂಡು ನೂರು ಸಲ ಹೊಡೆಸುವುದು. ಗೋಲಿಯ ಕಾಲಿನ ಚಲನೆಯನ್ನು ತಿದ್ದುವುದು. ಇವು ಹೇಳಿಕೊಳ್ಳುವ ಕೆಲಸಗಳು. ಹೇಳಿಕೊಳ್ಳದ ಕೆಲಸ ಇನ್ನೊಂದಿದೆ. ಮುಖ್ಯ ತರಬೇತುದಾರ ಗದರಿಸಿದ ದಿನ ಸಂಜೆ, ಮುಖ ಸಣ್ಣದು ಮಾಡಿಕೊಂಡು ಕುಳಿತ ಆಟಗಾರನ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳುವವನು ಸಹಾಯಕ. ಮನೆಯಲ್ಲಿ ತಾಯಿಗೆ ಕಾಯಿಲೆಯಾದದ್ದು, ಮೊಣಕಾಲಿನ ನೋವನ್ನು ಮುಚ್ಚಿಟ್ಟದ್ದು, ತಂಡದಿಂದ ಹೊರಬೀಳುವ ಭಯ—ಎಲ್ಲವೂ ಮೊದಲು ಬೀಳುವುದು ಅವನ ಕಿವಿಗೆ. ಮನೆಯ ಸಂಸಾರದಲ್ಲಿ ಹೇಳುವುದಾದರೆ, ತಂದೆಯ ಕೋಪಕ್ಕೂ ಮಕ್ಕಳ ಅಳುವಿಗೂ ನಡುವೆ ನಿಲ್ಲುವ ಅಣ್ಣನ ಸ್ಥಾನ ಅದು.

ಬಡತಿಯ ಮರುದಿನ ಈ ಅಣ್ಣ ತಂದೆಯಾಗಬೇಕು. ಒಲಿಂಪಿಕ್ ಹಾಕಿ ತಂಡದಲ್ಲಿ ಹದಿನಾರು ಹೆಸರುಗಳಿಗೆ ಮಾತ್ರ ಎಡೆ. ಶಿಬಿರದಲ್ಲಿ ಬೆವರು ಸುರಿಸಿದವರು ಅದಕ್ಕಿಂತ ಬಹಳ ಹೆಚ್ಚು. ನಿನ್ನೆ ಯಾರ ಮೊಣಕಾಲಿನ ನೋವನ್ನು ಗೆಳೆಯನಂತೆ ಕೇಳಿದ್ದನೋ, ಇಂದು ಅದೇ ನೋವನ್ನು ಕಾರಣವಾಗಿಟ್ಟುಕೊಂಡು ಅವರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು. ‘ನಮ್ಮವರೇ ಮೇಲೆ ಹೋದರು, ಇನ್ನು ನಮಗೆ ಚಿಂತೆಯಿಲ್ಲ’ ಎಂದುಕೊಂಡಿದ್ದವರಿಗೆ ಮೊದಲ ಪೆಟ್ಟು ಬೀಳುವುದು ಅಲ್ಲಿಯೇ. ಸೊಸೆಯಾಗಿದ್ದಾಗ ಕಷ್ಟ ಕಂಡವಳು ಅತ್ತೆಯಾದ ಮೇಲೆ ಮೃದುವಾಗುತ್ತಾಳೆಂದು ನಾವು ಎಣಿಸುತ್ತೇವೆ. ಕೆಲವರು ಆಗುತ್ತಾರೆ, ಕೆಲವರು ತಮ್ಮ ಅಧಿಕಾರವನ್ನು ಸಾಧಿಸಿ ತೋರಿಸಲು ಹಿಂದಿನ ಅತ್ತೆಗಿಂತಲೂ ಬಿರುಸಾಗುತ್ತಾರೆ. ಎರಡರಲ್ಲಿಯೂ ಅಪಾಯವಿದೆ. ಹಳೆಯ ಸಲಿಗೆಯನ್ನು ಬಿಡದಿದ್ದರೆ ಆಜ್ಞೆ ನಡೆಯುವುದಿಲ್ಲ. ಒಂದೇ ದಿನದಲ್ಲಿ ಬಿಟ್ಟರೆ ವಿಶ್ವಾಸ ಉಳಿಯುವುದಿಲ್ಲ.

ಇದಕ್ಕೆ ನಮ್ಮ ನಾಡಿನ ನೆಲದಲ್ಲಿಯೇ ನಡೆದ ನಿದರ್ಶನವೊಂದಿದೆ. ಭಾರತದ ಮಹಿಳಾ ಹಾಕಿ ತಂಡದ ಶಿಬಿರ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ನಡೆಯುತ್ತ ಬಂದಿರುವುದು ವಾಚಕರಿಗೆ ತಿಳಿದಿರಬಹುದು. 2020ರಲ್ಲಿ ಸಾಂಕ್ರಾಮಿಕ ರೋಗದಿಂದ ದೇಶವೇ ಬಾಗಿಲು ಹಾಕಿಕೊಂಡಾಗ ಆ ಹುಡುಗಿಯರು ತಿಂಗಳುಗಟ್ಟಲೆ ಅದೇ ಆವರಣದಲ್ಲಿ ಉಳಿದಿದ್ದರು. ಆಗ ತಂಡದ ಮುಖ್ಯ ತರಬೇತುದಾರರು ನೆದರ್‌ಲೆಂಡ್ಸಿನ ಶೂರ್ಡ್ ಮರೈನ್. ಅವರ ಕೈಕೆಳಗೆ, ಆಟವನ್ನು ವಿಶ್ಲೇಷಿಸುವ ತರಬೇತುದಾರರಾಗಿ, 2020ರ ಆರಂಭದಲ್ಲಿ ಬಂದವರು ಅದೇ ದೇಶದ ಯಾನೆಕ್ ಶಾಪ್‌ಮನ್ ಎಂಬ ಮಹಿಳೆ. ಆಕೆ ಸಾಮಾನ್ಯರಲ್ಲ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಬೆಳ್ಳಿ, 2008ರ ಬೀಜಿಂಗಿನಲ್ಲಿ ಚಿನ್ನ ಗೆದ್ದ ಆಟಗಾರ್ತಿ. ಅಮೆರಿಕದ ಮಹಿಳಾ ತಂಡದಲ್ಲಿ ಮೊದಲು ಸಹಾಯಕಿಯಾಗಿದ್ದು, ಅನಂತರ ಅಲ್ಲಿಯೇ ಮುಖ್ಯ ತರಬೇತುದಾರರಾಗಿ ಏರಿದವರು. ಅಂದರೆ ಸೊಸೆಯಿಂದ ಅತ್ತೆಯಾಗುವ ದಾರಿಯನ್ನು ಒಮ್ಮೆ ನಡೆದು ನೋಡಿದವರು. ಭಾರತಕ್ಕೆ ಬಂದು ಮತ್ತೆ ಸೊಸೆಯಾಗಲು ಒಪ್ಪಿದವರು.

ಟೋಕಿಯೋ ಒಲಿಂಪಿಕ್ಸಿನ ಕಥೆ ಎಲ್ಲರಿಗೂ ನೆನಪಿದೆ. 2021ರ ಆ ಕೂಟದಲ್ಲಿ ನಮ್ಮ ಹುಡುಗಿಯರು ಮೊದಲ ಮೂರು ಪಂದ್ಯಗಳನ್ನೂ ಸೋತರು. ಅನಂತರ ಐರ್ಲೆಂಡ್, ದಕ್ಷಿಣ ಆಫ್ರಿಕ ತಂಡಗಳನ್ನು ಸೋಲಿಸಿದರು. ಎಂಟರ ಘಟ್ಟದಲ್ಲಿ ಆಸ್ಟ್ರೇಲಿಯವನ್ನು ಗುರ್ಜಿತ್ ಕೌರ್ ಹೊಡೆದ ಒಂದೇ ಗೋಲಿನಿಂದ ಮನೆಗೆ ಕಳುಹಿಸಿದರು. ಕಂಚಿನ ಪದಕದ ಪಂದ್ಯದಲ್ಲಿ ಬ್ರಿಟನ್ನಿಗೆ 3-4ರಿಂದ ಸೋತು ನಾಲ್ಕನೆಯ ಸ್ಥಾನ ಪಡೆದಾಗ, ಸೋತವರಿಗಾಗಿ ದೇಶ ಅಷ್ಟೊಂದು ಮರುಗಿದ್ದು ಅಪರೂಪ. ಆ ಪಂದ್ಯದ ಬೆನ್ನಲ್ಲಿಯೇ ಮರೈನ್ ಹುದ್ದೆಯನ್ನು ತೊರೆದರು. ಅದೇ ತಿಂಗಳಲ್ಲಿ ಶಾಪ್‌ಮನ್ ಮುಖ್ಯ ತರಬೇತುದಾರರಾದರು.

ಏರಿಕೆ ಫಲ ಕೊಟ್ಟಿತೇ? ಕೊಟ್ಟಿತು. 2022ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು—ಆ ಕೂಟದಲ್ಲಿ ಮಹಿಳಾ ಹಾಕಿ ತಂಡಕ್ಕೆ ಹದಿನಾರು ವರ್ಷಗಳ ಮೇಲೆ ಬಂದ ಪದಕ. ಅದೇ ವರ್ಷದ ಕೊನೆಯಲ್ಲಿ ಸ್ಪೇನಿನ ವೆಲೆನ್ಸಿಯದಲ್ಲಿ ನೇಷನ್ಸ್ ಕಪ್. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಕಂಚು, ರಾಂಚಿಯಲ್ಲಿ ಏಷ್ಯನ್ ಚಾಂಪಿಯನ್ಸ್ ಟ್ರೋಫಿ. ಹೊಸಬರು ಬಂದಿದ್ದರೆ ಆಟಗಾರ್ತಿಯರ ಹೆಸರು, ಹವ್ಯಾಸ, ಭಯಗಳನ್ನು ಅರಿಯುವುದಕ್ಕೇ ಒಂದು ವರ್ಷ ಹಿಡಿಯುತ್ತಿತ್ತು. ಈಕೆಗೆ ಅದೆಲ್ಲವೂ ಅಂಗೈ ನೆಲ್ಲಿಯಾಗಿತ್ತು. ಸಹಾಯಕನನ್ನು ಏರಿಸುವುದರ ದೊಡ್ಡ ಲಾಭ ಇದೇ: ಕಲಿತದ್ದು ವ್ಯರ್ಥವಾಗುವುದಿಲ್ಲ.

ಪಟ್ಟಿಯ ಕಷ್ಟ ಮಾತ್ರ ಆಕೆಯನ್ನೂ ಬಿಡಲಿಲ್ಲ. ಟೋಕಿಯೋದಲ್ಲಿ ನಾಯಕಿಯಾಗಿದ್ದ ರಾಣಿ ರಾಂಪಾಲ್ ಗಾಯದ ತೊಂದರೆಯಿಂದ ಬಳಲಿ 2022ರ ವಿಶ್ವಕಪ್ ತಂಡದಿಂದ ಹೊರಗುಳಿದರು. ಗೋಲಿ ಸವಿತಾ ನಾಯಕಿಯಾದರು. ಮುಂದೆಯೂ ರಾಣಿಯ ಹೆಸರು ಪಟ್ಟಿಯಲ್ಲಿ ಕಾಣದೆ ಹೋದಾಗ ಜನ ಕೇಳಿದರು, ಪತ್ರಿಕೆಗಳು ಬರೆದವು. ಆಯ್ಕೆಗಾರರು ಹಲವರಿದ್ದರೂ ಇಂಥ ಪ್ರಶ್ನೆ ಬಂದು ನಿಲ್ಲುವುದು ಮುಖ್ಯ ತರಬೇತುದಾರರ ಬಾಗಿಲಿಗೇ. ಎರಡನೆಯ ಕುರ್ಚಿಯಲ್ಲಿದ್ದಾಗ ಈ ಬಾಗಿಲು ತನ್ನದಲ್ಲವೆಂದು ಸುಮ್ಮನಿರಬಹುದಾಗಿತ್ತು.

ಕೊನೆಗೆ 2024ರ ಜನವರಿ ಬಂದಿತು. ರಾಂಚಿಯಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ ಅರ್ಹತಾ ಪಂದ್ಯಗಳು. ಮೊದಲ ಪಂದ್ಯದಲ್ಲಿ ಭಾರತವನ್ನು ಸೋಲಿಸಿದ್ದು ಅಮೆರಿಕ—ಹಿಂದೆ ಆಕೆಯೇ ಕಲಿಸಿದ್ದ ತಂಡ! ಕಡೆಯ ಪಂದ್ಯದಲ್ಲಿ ಜಪಾನಿಗೆ 0-1ರಿಂದ ಸೋತು ಪ್ಯಾರಿಸಿನ ಬಾಗಿಲು ಮುಚ್ಚಿತು. ಮರುತಿಂಗಳು ಶಾಪ್‌ಮನ್ ರಾಜೀನಾಮೆ ಕೊಟ್ಟರು. ಹೋಗುವ ಮುನ್ನ ಅವರು ಬಹಿರಂಗವಾಗಿ ಹೇಳಿದ ಮಾತು ಸೋಲಿಗಿಂತ ಹೆಚ್ಚು ನೋಯಿಸುವಂಥದು: ಪುರುಷರ ತಂಡದ ತರಬೇತುದಾರರನ್ನು ನಡೆಸಿಕೊಳ್ಳುವ ರೀತಿಗೂ ತಮ್ಮನ್ನು ನಡೆಸಿಕೊಂಡ ರೀತಿಗೂ ಅಂತರವಿತ್ತು, ತಮಗೆ ಬೆಲೆ ಕೊಡುತ್ತಿದ್ದಾರೆಂದು ತಮಗೆ ಅನ್ನಿಸಲಿಲ್ಲ ಎಂದು. ಹಾಕಿ ಸಂಸ್ಥೆ ಆ ಮಾತನ್ನು ಒಪ್ಪಲಿಲ್ಲ. ನ್ಯಾಯ ತೀರಿಸುವುದು ಈ ಅಂಕಣದ ಕೆಲಸವಲ್ಲ. ಆದರೆ ರಾಣಿ ಚೆನ್ನಮ್ಮನ ಹೆಸರಿನಲ್ಲಿ 1969ರಲ್ಲಿ ಹೆಣ್ಣುಮಕ್ಕಳ ಸೈನಿಕ ಶಾಲೆಯನ್ನೇ ತೆರೆದ ಕಿತ್ತೂರಿನ ಸೀಮೆಯವರಿಗೆ ಆ ದೂರು ಕಿವಿಯಲ್ಲಿ ಉಳಿಯದೆ ಹೋಗದು. ಕುರ್ಚಿಯನ್ನು ಕೊಟ್ಟರೆ ಸಾಲದು, ಕುರ್ಚಿಯ ಜೊತೆಗೆ ಬರಬೇಕಾದ ಮನ್ನಣೆಯನ್ನೂ ಕೊಡಬೇಕು. ನಿನ್ನೆಯ ಸಹಾಯಕರೆಂಬ ಕಾರಣಕ್ಕೋ ಹೆಣ್ಣೆಂಬ ಕಾರಣಕ್ಕೋ ಅದರಲ್ಲಿ ಕಡಿತ ಮಾಡಿದರೆ ಪಟ್ಟ ಕಟ್ಟಿಯೂ ಕಟ್ಟದಂತೆಯೇ.

ಹಾಕಿಯ ಪಕ್ಕದಲ್ಲಿ ಕಾಲ್ಚೆಂಡನ್ನೂ ಇಟ್ಟು ನೋಡೋಣ. ಅಲ್ಲಿ ಒಬ್ಬನೇ ಮನುಷ್ಯನ ಬದುಕಿನಲ್ಲಿ ಪಾಠದ ಎರಡು ಮುಖಗಳೂ ದೊರೆಯುತ್ತವೆ. ಬೆಂಗಳೂರು ಎಫ್.ಸಿ. ತಂಡಕ್ಕೆ 2016ರಿಂದ ಎರಡು ವರ್ಷ ಸ್ಪೇನಿನ ಆಲ್ಬರ್ಟ್ ರೋಕಾ ಮುಖ್ಯ ತರಬೇತುದಾರರು. ಅವರ ದೇಶದವರೇ ಆದ ಕಾರ್ಲೆಸ್ ಕ್ವಾಡ್ರಾಟ್ ಸಹಾಯಕರು. 2018ರ ಮಾರ್ಚ್ 17ರಂದು ಕಂಠೀರವ ಕ್ರೀಡಾಂಗಣದಲ್ಲಿ, ತಮ್ಮ ಜನರ ಎದುರಿನಲ್ಲಿಯೇ, ತಂಡ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯವನ್ನು ಚೆನ್ನೈಯಿನ್ ತಂಡಕ್ಕೆ 2-3ರಿಂದ ಕಳೆದುಕೊಂಡಿತು. ಮರುತಿಂಗಳು ಸೂಪರ್ ಕಪ್ ಗೆದ್ದು ಸಮಾಧಾನಪಟ್ಟಿತು. ರೋಕಾ ಗೌರವದಿಂದ ಬೀಳ್ಕೊಂಡರು. ಕ್ವಾಡ್ರಾಟ್ ಅವರ ಸ್ಥಾನಕ್ಕೆ ಬಂದರು. ತಂಡ ಒಡೆದಿರಲಿಲ್ಲ, ಮನಸ್ಸು ಕೆಟ್ಟಿರಲಿಲ್ಲ, ಹಿಂದಿನವರ ಆಶೀರ್ವಾದವಿತ್ತು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ ಗೋವಾ ತಂಡದ ಮೇಲೆ ಹೆಚ್ಚುವರಿ ಕಾಲದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲಿನಿಂದ ಅದೇ ಪ್ರಶಸ್ತಿ ಬೆಂಗಳೂರಿಗೆ ಬಂದಿತು.

ಇನ್ನು ಇನ್ನೊಂದು ಮುಖ. 2021ರ ಜನವರಿ ಮೊದಲ ವಾರ. ಸಾಲಾಗಿ ಮೂರು ಪಂದ್ಯ ಸೋತೊಡನೆ ಅದೇ ಕ್ವಾಡ್ರಾಟ್ ಹುದ್ದೆ ಬಿಡಬೇಕಾಯಿತು. ಅವರ ಸಹಾಯಕರಾಗಿದ್ದ ನೌಶಾದ್ ಮೂಸಾ ಅವರಿಗೆ, ಋತು ನಡುವಿನಲ್ಲಿರುವಾಗಲೇ, ‘ಸದ್ಯಕ್ಕೆ ನೀವು ನೋಡಿಕೊಳ್ಳಿ’ ಎಂದು ತಂಡವನ್ನು ಒಪ್ಪಿಸಲಾಯಿತು. ಮುಂದಿನ ತಿಂಗಳೇ ಜರ್ಮನಿಯಿಂದ ಹೊಸ ತರಬೇತುದಾರರ ನೇಮಕದ ಸುದ್ದಿ ಬಂದಿತು. ಮೂಸಾ ಸಮರ್ಥರೋ ಅಲ್ಲವೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಕರೆದವನು ಎಂಥ ಒಳ್ಳೆಯ ಒಡ್ಡನಾದರೂ ನೀರು ಕಾಣುವ ಮೊದಲು ಮನೆ ಬೆಂದಿರುತ್ತದೆ. ‘ಸದ್ಯಕ್ಕೆ’ ಎಂಬ ಒಂದು ಪದ ಮನುಷ್ಯನ ಕೈಯ ಅರ್ಧ ಬಲವನ್ನು ಕಿತ್ತುಕೊಳ್ಳುತ್ತದೆ. ಆಜ್ಞೆ ಮಾಡುವವನು ನಾಳೆ ಇರುತ್ತಾನೋ ಇಲ್ಲವೋ ಎಂಬ ಸಂಶಯ ಬಂದ ಮೇಲೆ ಆಜ್ಞೆ ಪಾಲಿಸುವವರ ಕಾಲು ನಿಧಾನವಾಗುವುದು ಸಹಜ.

ಎರಡನೆಯವನನ್ನು ಏರಿಸುವುದೇ ಇಲ್ಲ ಎಂಬ ಮೂರನೆಯ ರೀತಿಯೂ ಒಂದುಂಟು. ಅದಕ್ಕೆ ನಮ್ಮ ಗಾದೆ ‘ಹಿತ್ತಲ ಗಿಡ ಮದ್ದಲ್ಲ.’ ನಮ್ಮ ಹಳ್ಳಿಗಳ ಆಟವಾದ ಕಬಡ್ಡಿಯನ್ನೇ ನೋಡಿ. ಅರ್ಜುನ ಪ್ರಶಸ್ತಿ ಪಡೆದ ಕನ್ನಡಿಗ ಬಿ. ಸಿ. ರಮೇಶ್ ಬೆಂಗಳೂರು ಬುಲ್ಸ್ ತಂಡದಲ್ಲಿ ರಣಧೀರ್ ಸಿಂಗರ ಸಹಾಯಕರಾಗಿದ್ದರು. 2019ರ ಜನವರಿಯಲ್ಲಿ ಆ ತಂಡ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದಿತು. ಮೊದಲನೆಯ ಪೀಠದಲ್ಲಿ ಹಿರಿಯರು ಗಟ್ಟಿಯಾಗಿ ಕುಳಿತಿದ್ದರು. ಆದುದರಿಂದ ರಮೇಶ್ ಬೇರೆ ಊರಿನ ದಾರಿ ಹಿಡಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಬೆಂಗಾಲ್ ವಾರಿಯರ್ಸ್ ತಂಡಕ್ಕೆ ಮುಖ್ಯ ತರಬೇತುದಾರರಾಗಿ ಪ್ರಶಸ್ತಿ ತಂದುಕೊಟ್ಟರು. 2024ರ ಮಾರ್ಚಿನಲ್ಲಿ ಪುಣೇರಿ ಪಲ್ಟನ್ ತಂಡಕ್ಕೂ ತಂದುಕೊಟ್ಟರು. ಇಷ್ಟೆಲ್ಲ ಆದ ಮೇಲೆ 2025ರಲ್ಲಿ ಬೆಂಗಳೂರು ತಂಡ ಅವರನ್ನು ಮುಖ್ಯ ತರಬೇತುದಾರರಾಗಿ ಕರೆತಂದಿತು. ಹಿತ್ತಲ ಗಿಡದ ಗುಣ ತಿಳಿಯುವುದಕ್ಕೆ ಎರಡು ಊರಿನ ವೈದ್ಯರು ಅದನ್ನು ಅರೆದು ತೋರಿಸಬೇಕಾಯಿತು. ಒಂದೇ ಮನೆಯಲ್ಲಿ ಇಬ್ಬರು ಸಮರ್ಥರಿದ್ದರೆ ಇದು ತಪ್ಪದ ಕಷ್ಟವೆಂಬುದನ್ನೂ ಒಪ್ಪಬೇಕು. ಆದರೆ ಹೋಗುವವರನ್ನು ಗೌರವದಿಂದ ಕಳುಹಿಸಿದ ಮನೆಗೆ ಮಾತ್ರ ಅವರು ಮರಳಿ ಬರುತ್ತಾರೆ.

ಉತ್ತರಾಧಿಕಾರದ ಪ್ರಶ್ನೆಯಲ್ಲಿ ಕಿತ್ತೂರಿಗೆ ಹೊರಗಿನವರು ಪಾಠ ಹೇಳಬೇಕಾದುದಿಲ್ಲ. ಆಟಕ್ಕೂ ರಾಜ್ಯಕ್ಕೂ ಹೋಲಿಕೆಯೇ ಎಂದು ಯಾರೂ ಮುನಿಯಬಾರದು. ದೊಡ್ಡ ಕನ್ನಡಿಯಲ್ಲಿ ಸಣ್ಣ ವಸ್ತುವೂ ಕಾಣುತ್ತದೆ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ದೇಸಾಯಿ ಮಕ್ಕಳಿಲ್ಲದೆ ತೀರಿಕೊಂಡಾಗ, ಕಿತ್ತೂರು ಸಂಸ್ಥಾನಕ್ಕೆ ಬಂದ ಗಂಡಾಂತರವೆಂದರೆ ‘ಮುಂದೆ ಯಾರು?’ ಎಂಬುದೇ. ಮರಣಶಯ್ಯೆಯ ಕಾಲದಲ್ಲಿ ಮಾಡಿಕೊಂಡ ಶಿವಲಿಂಗಪ್ಪನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಕಂಪನಿಯವರ ಮನಸ್ಸಿನಲ್ಲಿದ್ದುದು ಸಂಸ್ಥಾನವನ್ನು ನುಂಗುವ ಆಸೆ. ಅದಕ್ಕೆ ಅವರಿಗೆ ದೊರೆತ ನೆಪ ದತ್ತಕ ತಡವಾಯಿತೆಂಬುದು. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಬಿದ್ದದ್ದು, ಡಿಸೆಂಬರಿನಲ್ಲಿ ಕೋಟೆ ಬಿದ್ದದ್ದು, ಚೆನ್ನಮ್ಮ ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಮುಚ್ಚಿದ್ದು—ಇವನ್ನು ಈ ಸೀಮೆಯ ಮಕ್ಕಳೂ ಬಲ್ಲರು. ಅನಂತರ ಹೋರಾಟದ ಮುಂದಾಳಾಗಿ ನಿಂತವನು ಯಾರು? ಸಂಗೊಳ್ಳಿ ರಾಯಣ್ಣ. ಯಾವ ಪೀಠವೂ ಅವನನ್ನು ಏರಿಸಿರಲಿಲ್ಲ, ಯಾರೂ ಅವನ ಹಣೆಗೆ ಪಟ್ಟ ಕಟ್ಟಿರಲಿಲ್ಲ. ಮೊದಲಿನವರ ಕೈಕೆಳಗೆ ದುಡಿದವನಾಗಿದ್ದುದರಿಂದ ಜನ ಅವನ ಹಿಂದೆ ಹೊರಟರು. 1831ರಲ್ಲಿ ನಂದಗಡದಲ್ಲಿ ನೇಣಿಗೇರುವ ತನಕ ಅವನು ಹೋರಾಡಿದ್ದೂ ಆ ದತ್ತಕ ಮಗನ ಹೆಸರಿನಲ್ಲಿಯೇ.

ನಮ್ಮ ಮಠಗಳ ಹಿರಿಯರು ಈ ಅಪಾಯವನ್ನು ಬಲ್ಲವರು. ಆದುದರಿಂದಲೇ ಎಷ್ಟೋ ಮಠಗಳಲ್ಲಿ ದೊಡ್ಡ ಸ್ವಾಮಿಗಳು ಗಟ್ಟಿಮುಟ್ಟಾಗಿರುವಾಗಲೇ ಮರಿಯನ್ನು ಆರಿಸುತ್ತಾರೆ. ಮರಿಸ್ವಾಮಿಗಳು ಶಾಸ್ತ್ರ ಓದುತ್ತಾರೆ, ಭಕ್ತರ ಮನೆಗೆ ಹೋಗಿಬರುತ್ತಾರೆ, ದಾಸೋಹದ ಲೆಕ್ಕ ಕಲಿಯುತ್ತಾರೆ. ಪಟ್ಟದ ದಿನ ಬಂದಾಗ ಭಕ್ತರಿಗೆ ಹೊಸ ಮುಖವೆನ್ನಿಸುವುದಿಲ್ಲ. ಗರಡಿಮನೆಯಲ್ಲಿಯೂ ಅಷ್ಟೇ. ವಸ್ತಾದರು ಮಣ್ಣಿನಲ್ಲಿ ನಿಂತಿರುವಾಗಲೇ ಹಿರಿಯ ಶಿಷ್ಯನಿಗೆ, ‘ಇಂದು ಜೋಡಿಗಳನ್ನು ನೀನೇ ಬಿಡು’ ಎನ್ನುತ್ತಾರೆ. ತಪ್ಪು ಜೋಡಿ ಬಿಟ್ಟರೆ ತಿದ್ದುವುದಕ್ಕೆ ತಾವಿರುತ್ತಾರೆ. ತಪ್ಪು ಮಾಡಿ ಕಲಿಯುವ ಅವಕಾಶವನ್ನು ಗುರು ತನ್ನ ನೆರಳಿನಲ್ಲಿಯೇ ಕೊಟ್ಟುಬಿಡುತ್ತಾನೆ. ಆಟದ ತಂಡಗಳು ಮಾಡಬೇಕಾದುದೂ ಇದನ್ನೇ: ಸಣ್ಣ ಪಂದ್ಯಗಳಲ್ಲಿ ಸಹಾಯಕನೇ ತಂಡ ನಡೆಸಲಿ, ಯಾರನ್ನು ಕೈಬಿಡಬೇಕೆಂಬ ಕಹಿ ಮಾತನ್ನು ಒಮ್ಮೊಮ್ಮೆ ಅವನೇ ಹೇಳಲಿ. ಸಿಹಿಯನ್ನು ಮಾತ್ರ ಹಂಚಿದ ಕೈಗೆ ಕಷಾಯ ಕುಡಿಸುವುದು ಒಂದೇ ದಿನದಲ್ಲಿ ಬರುವುದಿಲ್ಲ.

ಹಾಗಾದರೆ ಹೊರಗಿನವರೇ ಬೇಡವೆ? ಹಾಗೇನೂ ಅಲ್ಲ. ಸಹಾಯಕನು ಹಿಂದಿನವರ ವಿದ್ಯೆಯೊಡನೆ ಅವರ ಕುರುಡನ್ನೂ ಬಳುವಳಿಯಾಗಿ ತರಬಹುದು. ತಂಡದೊಳಗಿನ ಹಳೆಯ ಗುಂಪುಗಳಲ್ಲಿ ಅವನಿಗೂ ಒಂದು ಗುಂಪಿರಬಹುದು. ರೋಗ ಮನೆಯಲ್ಲಿಯೇ ಇದ್ದಾಗ ಹೊರಗಿನ ವೈದ್ಯ ಬೇಕಾಗುತ್ತಾನೆ. ಒಳಗಿನವನೋ ಹೊರಗಿನವನೋ ಎಂಬುದನ್ನು ತಂಡದ ಸ್ಥಿತಿ ಹೇಳಬೇಕು. ಅಗ್ಗಕ್ಕೆ ದೊರೆತನೆಂದು ಒಳಗಿನವನನ್ನು ಏರಿಸುವುದೂ ಸರಿಯಲ್ಲ, ಮೆರುಗಿದೆಯೆಂದು ಹೊರಗಿನವನನ್ನು ತರುವುದೂ ಸರಿಯಲ್ಲ.

ಏರಿದವರಿಗೂ ಒಂದು ಮಾತು ಹೇಳಬೇಕು. ಮೊದಲ ದಿನವೇ ಆಟಗಾರರನ್ನು ಕೂಡಿಸಿ, ‘ನಿಮ್ಮ ಮೇಲಿನ ಪ್ರೀತಿ ನಿನ್ನೆಯಂತೆಯೇ ಇದೆ, ಆದರೆ ಇಂದಿನಿಂದ ಪಟ್ಟಿ ಬರೆಯುವವನು ನಾನು’ ಎಂದು ಮುಚ್ಚುಮರೆಯಿಲ್ಲದೆ ಹೇಳಿಬಿಡುವುದು ಒಳ್ಳೆಯದು. ತಾವು ಇಷ್ಟು ದಿನ ಕುಳಿತಿದ್ದ ಎರಡನೆಯ ಸ್ಥಾನದಲ್ಲಿ ಕೂಡಲೇ ಒಬ್ಬ ಯೋಗ್ಯರನ್ನು ಕೂಡಿಸುವುದು ಅದಕ್ಕಿಂತಲೂ ಒಳ್ಳೆಯದು. ಎಷ್ಟೋ ಮಂದಿ ಮೇಲೇರಿದ ಮೇಲೆ ಹಳೆಯ ಕೆಲಸವನ್ನೂ ತಾವೇ ಹಿಡಿದುಕೊಂಡಿರುತ್ತಾರೆ. ಆಗ ಆಟಗಾರರ ಅಳಲನ್ನು ಕೇಳುವ ಕಿವಿಯೇ ತಂಡದಲ್ಲಿ ಇಲ್ಲದಂತಾಗುತ್ತದೆ.

ನೇಮಿಸುವವರಿಗೆ ಹೇಳುವುದು ಇಷ್ಟೇ. ಎರಡನೆಯವನ ಯೋಗ್ಯತೆ ಬಡತಿಯ ದಿನ ಹುಟ್ಟುವುದಿಲ್ಲ. ಅದಕ್ಕೆ ಹಿಂದಿನ ವರ್ಷಗಳಲ್ಲಿ ಅವನಿಗೆ ಎಷ್ಟು ಕೆಲಸ ಕೊಟ್ಟಿರಿ, ಎಷ್ಟು ತಪ್ಪು ಮಾಡಲು ಬಿಟ್ಟಿರಿ, ಎಷ್ಟು ಜನರ ಎದುರು ಅವನ ಮಾತಿಗೆ ಬೆಲೆ ಕೊಟ್ಟಿರಿ ಎಂಬುದರಲ್ಲಿ ಅದು ಬೆಳೆದಿರುತ್ತದೆ. ಪಟ್ಟ ಕಟ್ಟಿದ ಮೇಲೆ ಬೆನ್ನ ಹಿಂದೆ ನಿಲ್ಲುವ ಧೈರ್ಯ ನಿಮಗಿರಬೇಕು. ವಾಚಕರೇ, ನಿಮ್ಮ ಊರಿನ ಶಾಲೆಯಲ್ಲಿ, ಸಂಘದಲ್ಲಿ, ಅಂಗಡಿಯಲ್ಲಿ, ಗರಡಿಯಲ್ಲಿ ಮೊದಲನೆಯವರು ಯಾರೆಂಬುದು ಎಲ್ಲರಿಗೂ ಗೊತ್ತು. ಅವರ ಪಕ್ಕದಲ್ಲಿ ಕುಳಿತು ಕಲಿಯುತ್ತಿರುವವರು ಯಾರು? ಹೆಸರು ಥಟ್ಟನೆ ಹೊಳೆದರೆ ಆ ಸಂಸ್ಥೆಗೆ ನಾಳೆಯುಂಟು. ಹೊಳೆಯದಿದ್ದರೆ, ಈಗಿನ ಹಿರಿಯರು ಗಟ್ಟಿಯಾಗಿರುವಾಗಲೇ ಒಬ್ಬರನ್ನು ಹುಡುಕಿ ಕೂಡಿಸುವುದು ಲೇಸು.